ಟಾಕೀಸಿನ ಪಕ್ಕದ ಬಾಗಿಲು

ಆ ಕಟ್ಟಡಕ್ಕೆ ಕಿಟಕಿ ಇಲ್ಲ. ಸಿನಿಮಾ ತೋರಿಸಲೆಂದು ಕಟ್ಟಿದ್ದು, ಕತ್ತಲೆ ಇದ್ದರೇ ಅಲ್ಲಿ ವ್ಯಾಪಾರ. ಅಂಥ ಕಟ್ಟಡದಲ್ಲಿ ಹೆಂಗಸರನ್ನು ಕೂರಿಸಿ, ಹೊರಗಿನಿಂದ ಸರಪಳಿ ಬಿಗಿದು, ಸಂಜೆಯವರೆಗೆ ಅಂಗಿ ಹೊಲಿಸಬಹುದು ಅಂತ ಕಟ್ಟಿದವನಿಗೆ ಹೊಳೆದಿರಲಿಲ್ಲ. ಹೊಳೆದದ್ದು ಅವನ ಮಗನಿಗೆ. ಊರೆಲ್ಲ ಅವನನ್ನು ಯಜಮಾನರು ಅಂತಲೇ ಕರೆಯುತ್ತಿತ್ತು.

ಕಾಲರಕ್ಕ ಹುಟ್ಟಿದ್ದು ಆ ಕಟ್ಟಡದ ಹಿಂದಿನ ಓಣಿಯಲ್ಲಿ. ಹಿಂದಿನ ಓಣಿ ಅಂದರೆ ಊರಿನ ಕೊಳೆ ಎತ್ತುವವರ ಓಣಿ. ಚರಂಡಿ ತೋಡುವವರು, ಕಕ್ಕಸು ತೊಳೆಯುವವರು, ಸತ್ತ ನಾಯಿಯನ್ನು ಎಳೆದು ಹಾಕುವವರು. ಮುಂದಿನ ಬೀದಿಯವರು ಇವರಿಗೆ ಮನೆ ಬಾಡಿಗೆಗೆ ಕೊಡುತ್ತಿರಲಿಲ್ಲ. ಅಂಗಡಿಯಲ್ಲಿ ಸಾಮಾನನ್ನು ಕೈಗೆ ಕೊಡದೆ ಹಲಗೆಯ ಮೇಲಿಟ್ಟು ತಳ್ಳುತ್ತಿದ್ದರು. ಟಾಕೀಸಿನಲ್ಲೂ ಅದೇ ಕಥೆ. ಬೀದಿಯವರಿಗೆ ಕುರ್ಚಿ, ಫ್ಯಾನು. ಓಣಿಯವರು ಪಕ್ಕದ ಬಾಗಿಲಿನಿಂದ ನುಗ್ಗಿ ಪರದೆಯ ಬುಡದಲ್ಲಿದ್ದ ಬೆಂಚಿನ ಮೇಲೆ ಕೂರಬೇಕು. ನೋಡಿ ನೋಡಿ ಕತ್ತು ಹಿಡಿದುಕೊಳ್ಳುತ್ತಿತ್ತು. ನಾಯಕನ ಮುಖಕ್ಕಿಂತ ಅವನ ಮೂಗಿನ ಹೊಳ್ಳೆಯೇ ನಮಗೆ ಚೆನ್ನಾಗಿ ಗೊತ್ತು ಅಂತ ಓಣಿಯವರು ನಗುತ್ತಿದ್ದರು.

ಅವಳ ಅಪ್ಪ ಅಲ್ಲಿ ಗೇಟ್‌ಕೀಪರ್ ಆಗಿದ್ದ. ಟಿಕೆಟ್ ಹರಿದು ಒಳಗೆ ಬಿಡುವುದು, ಆಟ ಮುಗಿದ ಕೂಡಲೇ ಪಕ್ಕದ ಬಾಗಿಲುಗಳನ್ನು ತೆರೆದು ಹಾಕುವುದು ಅವನ ಕೆಲಸ. ಕುಡಿಯುತ್ತಿದ್ದ, ಹೆಂಡತಿಗೆ ಹೊಡೆಯುತ್ತಿದ್ದ, ಕೆಲಸ ಮಾತ್ರ ಒಂದು ದಿನ ತಪ್ಪಿಸಿದವನಲ್ಲ. ಬರಬರುತ್ತ ಟಾಕೀಸಿಗೆ ಜನ ಹೋಗುವುದು ನಿಂತಿತು. ಫೋನಿನಲ್ಲೇ ಸಿನಿಮಾ ಬರುವಾಗ ಯಾರು ಹೋಗುತ್ತಾರೆ? ಟಾಕೀಸು ಮುಚ್ಚಿತು, ಅಪ್ಪನೂ ಸತ್ತ. ಒಂದಷ್ಟು ವರ್ಷ ಅದು ಸಿಮೆಂಟಿನ ಗೋದಾಮಾಯಿತು. ಓಣಿಯ ಗಂಡಸರು ಮೂಟೆ ಹೊತ್ತರು. ಕಾಲರಕ್ಕನ ಗಂಡನೂ ಹೊತ್ತ. ಸಿಮೆಂಟಿನ ಧೂಳು ಎದೆಯಲ್ಲಿ ಕೂತಿತು. ಕೊನೆಕೊನೆಗೆ ಅವನು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದ. ಒಂದು ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ.

ಗೋದಾಮು ಹೋಗಿ ಗಾರ್ಮೆಂಟ್ಸು ಬಂತು.

ಯಜಮಾನರು ಕುರ್ಚಿಗಳನ್ನು ಕೀಳಿಸಿ ಮಾರಿದರು. ನೆಲವನ್ನು ಸಮ ಮಾಡಿಸಲಿಲ್ಲ. ಟಾಕೀಸಿನ ನೆಲ ಇಳಿಜಾರು. ಹಿಂದೆ ಕೂತವರಿಗೂ ಪರದೆ ಕಾಣಲಿ ಅಂತ ಹಾಗೆ ಮಾಡಿರುತ್ತಾರೆ. ಆ ಇಳಿಜಾರಿನ ಮೇಲೆಯೇ ಮಷೀನುಗಳ ಸಾಲು ಬಂತು. ಮಷೀನಿನ ಕಾಲಿಗೆ ಮರದ ತುಂಡು ಕೊಟ್ಟು ಸಮ ಮಾಡಿದರು. ಹೆಂಗಸರ ಸ್ಟೂಲಿಗೆ ಏನೂ ಕೊಡಲಿಲ್ಲ. ದಿನವಿಡೀ ಮುಂದಕ್ಕೆ ಜಾರುವ ಮೈಯನ್ನು ಕಾಲಿನ ಬಲದಿಂದ ಹಿಂದಕ್ಕೆ ತಳ್ಳುತ್ತ ಹೊಲಿಯಬೇಕು. ಸಂಜೆ ಎದ್ದರೆ ಸೊಂಟ ನೆಟ್ಟಗಾಗುತ್ತಿರಲಿಲ್ಲ. ಓಣಿಯ ಹೆಂಗಸರ ನಡಿಗೆಯೇ ಬದಲಾಯಿತು. ಸಮ ನೆಲದ ಮೇಲೂ ಇಳಿಜಾರಿನಲ್ಲಿ ನಡೆಯುವವರ ಹಾಗೆ ಹಿಂದಕ್ಕೆ ವಾಲಿ ನಡೆಯುತ್ತಿದ್ದರು.

ಕೈಯಿಂದ ಜಾರಿದ ನೂಲಿನ ಉಂಡೆ ಸಾಲುಸಾಲು ದಾಟಿ ಉರುಳಿ ಕೆಳಗೆ ಪರದೆಯ ಕಟ್ಟೆಗೆ ಹೋಗಿ ಬಡಿಯುತ್ತಿತ್ತು. ಪರದೆ ಇದ್ದ ಆ ಕಟ್ಟೆಯ ಮೇಲೆ ಮೇಜು ಹಾಕಿಕೊಂಡು ಮ್ಯಾನೇಜರ್ ಕೂರುತ್ತಿದ್ದ. ಕತ್ತಿನಲ್ಲಿ ಯಾವಾಗಲೂ ಒಂದು ಸೀಟಿ. ಯಾರು ತಲೆ ಎತ್ತಿದರೂ ಊದುತ್ತಿದ್ದ. ಹಾಗಾಗಿ ಅವನು ಸೀಟಿ. ಕಾಲರ್ ಹೊಲಿಯುವವಳು ಕಾಲರಕ್ಕ. ಜೇಬು ಹೊಲಿಯುವವಳು ಜೇಬಮ್ಮ. "ಏನೇ ಜೇಬಮ್ಮ, ಊರಿನವರಿಗೆಲ್ಲ ಜೇಬು ಮಾಡ್ಕೊಡ್ತೀಯ, ನಿನಗೇ ಒಂದು ಜೇಬಿಲ್ಲವಲ್ಲೇ" ಅಂತ ಕೆಣಕಿದರೆ ಜೇಬಮ್ಮ, "ಇದ್ರೆ ಅದರಲ್ಲಿ ಏನು ಹಾಕ್ಲಿ, ನಿನ್ನ ತಲೆಯಾ?" ಅನ್ನುತ್ತಿದ್ದಳು.

ಕಾಲರಕ್ಕನ ಸೊಸೆ ಗುಂಡಿ ಹಾಕುತ್ತಿದ್ದಳು. ಅವಳನ್ನು ಎಲ್ಲರೂ ರೇಡಿಯೋ ಅಂತ ಕರೆಯುತ್ತಿದ್ದರು. ಬಾಯಿ ಮುಚ್ಚುತ್ತಿರಲಿಲ್ಲ. ಸೀಟಿ ನಡೆಯುವುದನ್ನು, ಯಜಮಾನರು ಗಂಟಲು ಸರಿಮಾಡಿಕೊಳ್ಳುವುದನ್ನು ಹಾಗೇ ಮಾಡಿ ತೋರಿಸುತ್ತಿದ್ದಳು. ಗಂಡ ಲಾರಿಯಲ್ಲಿ ಊರೂರು ಅಲೆಯುವವನು. ಅತ್ತೆ ಸೊಸೆ ಇಬ್ಬರೇ ಮನೆಯಲ್ಲಿ. ಒಂದೇ ಹೊದಿಕೆಯಡಿ ಮಲಗಿ ಬೆಳಗಿನ ಜಗಳವನ್ನು ರಾತ್ರಿ ಮರೆಯುವವರು.

ಗಾರ್ಮೆಂಟ್ಸಿನಲ್ಲೂ ಓಣಿಯವರಿಗೆ ಪಕ್ಕದ ಬಾಗಿಲೇ. ಬೆಳಿಗ್ಗೆ ಒಬ್ಬೊಬ್ಬರನ್ನೇ ಒಳಗೆ ಬಿಟ್ಟು ವಾಚ್‌ಮನ್ ಹೊರಗಿನಿಂದ ಸರಪಳಿ ಸುತ್ತಿ ಬೀಗ ಜಡಿಯುತ್ತಿದ್ದ. ಸಂಜೆ ಬಿಡುವಾಗ ಮೈ ತಡವಿ ನೋಡುತ್ತಿದ್ದರು. ತಡವಲು ಒಬ್ಬಳು ಹೆಂಗಸನ್ನೇ ಇಟ್ಟಿದ್ದರು ನಿಜ. ಆದರೆ ಸೀಟಿ ಪಕ್ಕದಲ್ಲೇ ನಿಂತು, "ಅಲ್ಲಿ ನೋಡು, ಅಲ್ಲಿ ಸರಿಯಾಗಿ ನೋಡು" ಅಂತ ಬೆರಳು ತೋರಿಸುತ್ತಿದ್ದ. ಮುಟ್ಟಾದವರನ್ನೂ ಬಿಡುತ್ತಿರಲಿಲ್ಲ. ಬಟ್ಟೆ ಚೂರು ಅಡಗಿಸಲಿಕ್ಕೆ ಅದಕ್ಕಿಂತ ಒಳ್ಳೆ ಜಾಗ ಯಾವುದಿದೆ ಅನ್ನುವುದು ಅವನ ತರ್ಕ. ಹುಡುಗಿಯರು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಕಣ್ಣೀರು ಹಾಕಿದರೂ ಸರತಿ ಬಿಡುವಂತಿಲ್ಲ. ಮನೆಯಲ್ಲಿ ಒಲೆ ಕಾಯುತ್ತಿರುತ್ತದೆ.

ಮುಂಬಾಗಿಲಿನ ಕಡೆ, ಹಿಂದೆ ಟಿಕೆಟ್ ಕೊಡುತ್ತಿದ್ದ ಜಾಗದಲ್ಲಿ, ಯಜಮಾನರ ಆಫೀಸು. ಕಂಬಳಿಯಂಥ ದಪ್ಪ ಹಾಸು, ಗಾಜಿನ ಮೇಜು. ಹಾಲಿಗೂ ಆಫೀಸಿಗೂ ನಡುವೆ ಒಂದು ಬಾಗಿಲಿತ್ತು. ಅದರ ಕೀಲಿ ಸೀಟಿಯ ಸೊಂಟದಲ್ಲಿರುತ್ತಿತ್ತು.

ರೇಡಿಯೋ ಬಸುರಿಯಾದಳು. ಹೊಟ್ಟೆ ಮುಂದೆ ಬಂದ ಮೇಲೆ ಇಳಿಜಾರಿನಲ್ಲಿ ಕೂರುವುದು ಕಷ್ಟವಾಯಿತು. ಸ್ಟೂಲಿನ ಮುಂಗಾಲಿಗೆ ಒಂದು ಮರದ ತುಂಡು ಕೊಡಿ ಅಂತ ಕಾಲರಕ್ಕ ಸೀಟಿಯನ್ನು ಕೇಳಿದಳು. ಅವನು, "ಒಬ್ಬಳಿಗೆ ಕೊಟ್ರೆ ಎಲ್ಲರೂ ಬಸುರಿ ಆಗ್ತೀರ" ಅಂದ. ಅಂದು ತನ್ನ ಮಾತಿಗೆ ತಾನೇ ನಕ್ಕ. ಕಾಲರಕ್ಕ ಮನೆಯಿಂದ ಒಂದು ಹಳೆಯ ಮಣೆ ತಂದು ಮುಂಗಾಲಿನಡಿ ಇಟ್ಟಳು. ಎರಡು ದಿನದಲ್ಲಿ ಅದನ್ನು ಕಸಕ್ಕೆ ಎಸೆದಿದ್ದರು.

ಏಳು ತಿಂಗಳು ತುಂಬಿತ್ತು. ಮಧ್ಯಾಹ್ನದ ಹೊತ್ತು. ರೇಡಿಯೋ ಬೆಳಗಿನಿಂದ ಮಾತಾಡಿರಲಿಲ್ಲ. ಕಾಲರಕ್ಕ ಎರಡು ಸಾಲು ಮೇಲಿನಿಂದ ಅವಳ ಬೆನ್ನನ್ನು ನೋಡುತ್ತಿದ್ದಳು. ಬೆನ್ನು ಬಗ್ಗಿತು. ಕೈ ಮಷೀನನ್ನು ಹಿಡಿಯಿತು. ಆಮೇಲೆ ಅವಳು ಸ್ಟೂಲಿನಿಂದ ಜಾರಿ ನೆಲಕ್ಕೆ ಕೂತಳು.

"ಅತ್ತೆ."

ಹಿಂದಕ್ಕೆ ತಿರುಗಿ ಅಷ್ಟೇ ಅಂದದ್ದು. ಮಷೀನುಗಳ ಸದ್ದಿನಲ್ಲಿ ಅದು ಕಾಲರಕ್ಕನಿಗೆ ಕೇಳಿಸಲಿಲ್ಲ, ತುಟಿ ಮಾತ್ರ ಕಂಡಿತು. ಎದ್ದು ಓಡಿದಳು. ನೆಲದ ಮೇಲೆ ರಕ್ತ. ಇಳಿಜಾರಿನಲ್ಲಿ ಅದು ತಾನಾಗಿಯೇ ಕೆಳಗೆ ಹರಿಯುತ್ತಿತ್ತು.

ಸೀಟಿ ಊದಿದ. "ಏನಲ್ಲಿ? ಕೂತ್ಕೊಳ್ರಿ ಎಲ್ಲ!"

"ಸಾರ್, ಬಾಗಿಲು ತೆಗೀರಿ. ಆಸ್ಪತ್ರೆಗೆ ಹೋಗ್ಬೇಕು."

"ಕೀಲಿ ವಾಚ್‌ಮನ್ ಹತ್ರ ಇದೆ. ಅವನು ಯಜಮಾನ್ರ ಮನೆಗೆ ಹೋಗಿದಾನೆ, ಏನೋ ಸಾಮಾನು ಇಳಿಸೋಕೆ. ಬರ್ತಾನೆ ಇರು."

"ಆ ಬಾಗಿಲು ತೆಗೀರಿ ಸಾರ್. ಆಫೀಸಿನದು. ಕೀಲಿ ನಿಮ್ಮ ಸೊಂಟದಲ್ಲೇ ಇದೆಯಲ್ಲ."

ಸೀಟಿ ಕಟ್ಟೆಯಿಂದ ಇಳಿದು ಬಂದ. ರಕ್ತ ನೋಡಿ ಕಾಲು ಹಿಂದಕ್ಕೆ ತೆಗೆದ. ದನಿ ತಗ್ಗಿಸಿ, ಬುದ್ಧಿ ಹೇಳುವವನ ಹಾಗೆ ಅಂದ: "ಒಳಗೆ ದೊಡ್ಡ ಪಾರ್ಟಿ ಕೂತಿದಾರೆ. ಮಾಲು ನೋಡೋಕೆ ಬಂದವರು. ಈ ಸ್ಥಿತೀಲಿ ಅವರ ಮುಂದೆ ಇವಳನ್ನ ಎತ್ಕೊಂಡು ಹೋಗೋಕಾಗುತ್ತಾ? ಸ್ವಲ್ಪ ಯೋಚನೆ ಮಾಡು. ನಿಮ್ಮೆಲ್ಲರ ಕೆಲಸಾನೇ ಹೋಗುತ್ತೆ."

"ಸಾಯ್ತಾಳೆ ಸಾರ್."

"ಸಾಯಲ್ಲ. ಹೆಂಗಸರಿಗೆ ಇದೆಲ್ಲ ಇದ್ದಿದ್ದೇ. ನೀರು ಕುಡಿಸು."

ಕಾಲರಕ್ಕ ಅವನ ಕಾಲು ಹಿಡಿದಳು. ನಿಜವಾಗಿ ಹಿಡಿದಳು, ಎರಡೂ ಕೈಯಿಂದ. ಅವನು ಕಾಲು ಬಿಡಿಸಿಕೊಂಡು ಮೇಜಿಗೆ ಹೋಗಿ ಫೋನು ಹಚ್ಚಿದ. ವಾಚ್‌ಮನ್ ಎತ್ತಲಿಲ್ಲ. ಜೇಬಮ್ಮ ಮತ್ತಿಬ್ಬರು ಪಕ್ಕದ ಬಾಗಿಲನ್ನು ಗುದ್ದಿದರು, ಭುಜ ಕೊಟ್ಟು ತಳ್ಳಿದರು. ಬಾಗಿಲು ಒಂದು ಬೆರಳಿನಷ್ಟು ಸರಿಯುತ್ತಿತ್ತು, ಸರಪಳಿ ಎಳೆದು ಹಿಡಿಯುತ್ತಿತ್ತು. ಆ ಸಂದಿಯಲ್ಲಿ ಬಿಸಿಲು ಕಾಣುತ್ತಿತ್ತು. ಓಣಿಯ ಮಕ್ಕಳು ಆಡುವ ಸದ್ದು ಕೇಳುತ್ತಿತ್ತು. ಕೂಗಿದರೆ ಮಕ್ಕಳು ಬಂದು ನೋಡಿದವು. ಅವುಗಳಿಂದ ಏನಾಗಬೇಕು?

ಹೆಂಗಸರು ಬಟ್ಟೆಯ ಬಂಡಲುಗಳನ್ನು ತಂದು ರೇಡಿಯೋಳ ಕೆಳಗೆ ಒತ್ತಿದರು. ಹೊಸ ಬಿಳಿ ಬಟ್ಟೆ. ಸೀಟಿ ಅಲ್ಲಿಂದಲೇ ಕೂಗಿದ: "ಮಾಲು ಹಾಳು ಮಾಡ್ಬೇಡ್ರಿ!"

ವಾಚ್‌ಮನ್ ಬಂದು ಬೀಗ ತೆಗೆಯುವ ಹೊತ್ತಿಗೆ ರೇಡಿಯೋ ಕಣ್ಣು ಮುಚ್ಚಿದ್ದಳು. ಕಸದ ಗಾಡಿಯಲ್ಲಿ ಹಾಕಿಕೊಂಡು ಓಡಿದರು. ಓಣಿಯಲ್ಲಿ ಇದ್ದ ಗಾಡಿ ಅದೊಂದೇ.

ಅವಳು ಉಳಿದಳು. ಮಗು ಉಳಿಯಲಿಲ್ಲ. ಹೆಣ್ಣು ಮಗು. ನರ್ಸಮ್ಮ ಬಟ್ಟೆಯಲ್ಲಿ ಸುತ್ತಿದ್ದನ್ನು ಕಾಲರಕ್ಕನ ಕೈಗೆ ಕೊಟ್ಟು, "ಇಷ್ಟು ಹೊತ್ತು ಏನ್ ಮಾಡ್ತಿದ್ರಿ? ಸ್ವಲ್ಪ ಮುಂಚೆ ತಂದಿದ್ರೆ ಉಳಿಸಬಹುದಿತ್ತು" ಅಂತ ಗದರಿದಳು. ಕಾಲರಕ್ಕ ನಡೆದದ್ದನ್ನು ಹೇಳಿದಳು. ನರ್ಸಮ್ಮ ಮತ್ತೊಮ್ಮೆ ಹೇಳಿಸಿಕೊಂಡಳು.

ಯಜಮಾನರು ಓಣಿಗೆ ಬಂದರು. ಆ ಮನುಷ್ಯ ಓಣಿಗೆ ಕಾಲಿಟ್ಟದ್ದು ಅದೇ ಮೊದಲು. ಮನೆಯೊಳಗೆ ಬರಲಿಲ್ಲ, ಚರಂಡಿಯ ಆಚೆ ನಿಂತರು. ಕರವಸ್ತ್ರ ಮೂಗಿನ ಮೇಲಿತ್ತು. ರೇಡಿಯೋ ಒಳಗೆ ಗೋಡೆಯ ಕಡೆ ತಿರುಗಿ ಮಲಗಿದ್ದಳು.

"ಆಗಬಾರದ್ದು ಆಗಿಹೋಯ್ತು ಕಣಮ್ಮ. ನನಗೂ ಹೆಣ್ಣು ಮಕ್ಕಳಿದಾರೆ, ಹೊಟ್ಟೆ ಉರಿಯುತ್ತೆ" ಅಂದರು. "ಯಾರೋ ಆಸ್ಪತ್ರೆಯಿಂದ ಲೇಬರ್ ಆಫೀಸಿಗೆ ಹೇಳಿದಾರಂತೆ. ಆಫೀಸರ್ ಬರ್ತಾರೆ. ನೀನು ಒಂದು ಮಾತು ಹೇಳಿಬಿಡು. ಮನೇಲಿ ಜಾರಿ ಬಿದ್ಲು, ಅಷ್ಟೇ. ಮುಂದಿನ ತಿಂಗಳಿಂದ ನೀನು ಕಾಲರ್ ಹೊಲಿಯೋದು ಬೇಡ. ನಿನ್ನನ್ನ ಬೇರೆಯವರ ಕೆಲಸ ನೋಡ್ಕೊಳ್ಳೋಕೆ ಇಡ್ತೀನಿ. ಓಡಾಡ್ಕೊಂಡಿರು."

ಕಾಲರಕ್ಕ ಬಾಗಿಲಲ್ಲಿ ನಿಂತಿದ್ದಳು. ಎರಡು ದಿನದಿಂದ ನಿದ್ದೆ ಇಲ್ಲ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಗು ಬಂತು.

"ಜಾರೋಕೆ ನಮ್ಮ ಮನೇಲಿ ಜಾಗ ಎಲ್ಲಿದೆ ಯಜಮಾನ್ರೇ? ಇಬ್ಬರು ಮಲಗಿದ್ರೆ ಮೂರನೆಯವರು ಕಾಲು ಮಡಚ್ಕೊಂಡು ಕೂರ್ಬೇಕು. ಬನ್ನಿ, ಒಳಗೆ ಬಂದು ನೋಡಿ."

ಅವರು ಬರಲಿಲ್ಲ. "ಯೋಚನೆ ಮಾಡು" ಅಂದು ಕಾಲಿನ ಚಪ್ಪಲಿಯನ್ನು ಕಲ್ಲಿಗೆ ಉಜ್ಜಿ ಹೊರಟುಹೋದರು.

ಆಫೀಸರ್ ಬಂದ ದಿನ ಗಾರ್ಮೆಂಟ್ಸಿನ ಬಾಗಿಲುಗಳೆಲ್ಲ ತೆರೆದಿದ್ದವು. ಹಾಲಿನೊಳಗೆ ಗಾಳಿ ಓಡಾಡುತ್ತಿತ್ತು. ಕುಡಿಯುವ ನೀರಿನ ಹೊಸ ಡ್ರಮ್ಮು, ಗೋಡೆಗೆ ಸುಣ್ಣ, ಒಬ್ಬೊಬ್ಬರ ಸ್ಟೂಲಿನಡಿಗೂ ಮರದ ತುಂಡು. ಕೂತರೆ ಮೈ ಜಾರುತ್ತಿರಲಿಲ್ಲ. ಹೆಂಗಸರಿಗೆ ಅದು ವಿಚಿತ್ರವಾಯಿತು, ಕಾಲಿಗೆ ಏನು ಕೆಲಸ ಕೊಡಬೇಕೋ ತಿಳಿಯಲಿಲ್ಲ. ಏನು ಹೇಳಬೇಕು ಅಂತ ಸೀಟಿ ಬೆಳಿಗ್ಗೆಯೇ ಪಾಠ ಹೇಳಿಸಿದ್ದ.

ಆಫೀಸರ್ ಸಾಲಿನ ನಡುವೆ ನಡೆದು ಬಂದ. ಸಣ್ಣ ವಯಸ್ಸಿನವನು. ಹಿಂದೆ ಯಜಮಾನರು, ಸೀಟಿ.

"ಈ ಬಾಗಿಲು ಯಾವಾಗಲೂ ತೆರೆದೇ ಇರುತ್ತಾ?" ಒಬ್ಬಳನ್ನು ಕೇಳಿದ.

"ಹೌದು ಸಾರ್."

ಜೇಬಮ್ಮನನ್ನು ಕೇಳಿದ. ಜೇಬಮ್ಮ ಒಮ್ಮೆ ಕಾಲರಕ್ಕನ ಕಡೆ ನೋಡಿದಳು. ಅವಳಿಗೆ ಮೂರು ಮಕ್ಕಳು, ಹಾಸಿಗೆ ಹಿಡಿದ ಗಂಡ. "ತೆರೆದೇ ಇರುತ್ತೆ ಸಾರ್" ಅಂದಳು. ಅಂದು ತಲೆ ಬಗ್ಗಿಸಿ ಜೇಬು ಹೊಲಿಯತೊಡಗಿದಳು.

ಆಫೀಸರ್ ಕಾಲರಕ್ಕನ ಮುಂದೆ ನಿಂತ. ಅವಳು ಮಷೀನು ನಿಲ್ಲಿಸಿ ಎದ್ದಳು. ಸೀಟಿ "ಏಯ್, ಕೂತ್ಕೋ" ಅಂದ. ಅವಳು ಇಳಿಜಾರಿನಲ್ಲಿ ನಡೆದು ಕಟ್ಟೆಯ ಬದಿಗೆ ಹೋದಳು. ಅಲ್ಲಿ ಬಟ್ಟೆ ಚೂರುಗಳ ರಾಶಿ. ಬೆಳಿಗ್ಗೆ ವಾಚ್‌ಮನ್ ಅದರೊಳಗೆ ಏನೋ ತುರುಕುವುದನ್ನು ಅವಳು ಕಂಡಿದ್ದಳು. ಮೊಣಕೈವರೆಗೆ ಕೈ ಹಾಕಿ ಎಳೆದಳು. ಸರಪಳಿ ಬಂತು, ಬೀಗದ ಸಮೇತ. ಭಾರ ಇತ್ತು. ಎತ್ತಲಿಕ್ಕಾಗಲಿಲ್ಲ, ಎಳೆದುಕೊಂಡೇ ಮೇಲಕ್ಕೆ ಬಂದಳು. ನೆಲದ ಮೇಲೆ ಅದರ ಸದ್ದು ಇಡೀ ಹಾಲಿಗೆ ಕೇಳಿತು. ಮಷೀನುಗಳು ಒಂದೊಂದಾಗಿ ನಿಂತವು.

ಆಫೀಸರನ ಬೂಟಿನ ಮುಂದೆ ಹಾಕಿದಳು.

"ಇದು ಆ ಬಾಗಿಲಿಗೆ ಹಾಕೋದು ಸಾರ್. ದಿನಾ. ನನ್ನ ಮೊಮ್ಮಗಳು ಸತ್ತ ದಿನಾನೂ ಹಾಕಿತ್ತು."

ಯಜಮಾನರು ಗಂಟಲು ಸರಿಮಾಡಿಕೊಂಡರು. ಯಾರೂ ನಗಲಿಲ್ಲ.

ಗಾರ್ಮೆಂಟ್ಸು ಮುಚ್ಚಿತು. ಆಫೀಸರ್ ಮುಚ್ಚಿಸಲಿಲ್ಲ, ಬಾಗಿಲು ತೆರೆದಿಡಿ ಅಂತಷ್ಟೇ ಹೇಳಿ ಹೋಗಿದ್ದ. ಮುಚ್ಚಿದ್ದು ಯಜಮಾನರು. ಮಷೀನುಗಳನ್ನು ಲಾರಿಗೆ ತುಂಬಿ ಬೇರೆ ಊರಿಗೆ ಕಳಿಸಿದರು. ಅಲ್ಲಿ ಇನ್ನೂ ಕಡಿಮೆಗೆ ದುಡಿಯುವ ಹೆಂಗಸರಿದ್ದರು. ತುಂಬಿದ್ದು ಓಣಿಯ ಗಂಡಸರೇ.

ಅವತ್ತಿನಿಂದ ನಲ್ಲಿಯ ಹತ್ತಿರ ಕಾಲರಕ್ಕ ಬಂದರೆ ಮಾತು ನಿಲ್ಲುತ್ತಿತ್ತು. ಜೇಬಮ್ಮ ಒಂದು ದಿನ ಕೊಡ ಕೆಳಗಿಟ್ಟು ಎದುರು ನಿಂತಳು.

"ನಿನ್ನ ಮೊಮ್ಮಗು ಹೋಯ್ತು. ನಾನೂ ಕಣ್ಣೀರು ಹಾಕಿದೆ, ನಿನಗಿಂತ ಜಾಸ್ತಿ ಹಾಕಿದೆ. ಆದ್ರೆ ನನ್ನ ಮಕ್ಕಳ ತಟ್ಟೇನ ಯಾಕೆ ಕಿತ್ಕೊಂಡೆ? ಅವು ಏನು ಮಾಡಿದ್ವು ನಿನಗೆ?"

ಕಾಲರಕ್ಕ ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಮನೆಗೆ ಬಂದಳು. ಮಗ ಲಾರಿಯಿಂದ ಇಳಿದು ಬಂದಿದ್ದ. "ಸರಪಳಿ ತೋರಿಸಿ ಏನು ಸಿಕ್ತಮ್ಮ ನಿನಗೆ?" ಅಂತ ಕೇಳಿದ. ಎರಡು ದಿನ ಇದ್ದು ಮತ್ತೆ ಹೊರಟ.

ರೇಡಿಯೋ ಮಾತು ಬಿಟ್ಟಿದ್ದಳು. ಹೂಂ, ಉಹೂಂ, ಅಷ್ಟೇ. ಮನೆಯ ಕೆಲಸ ಮಾಡುವಳು, ಊಟ ಇದ್ದರೆ ಉಣ್ಣುವಳು. ಎದೆಯಲ್ಲಿ ಹಾಲು ಕಟ್ಟಿ ಜ್ವರ ಬಂದಾಗಲೂ ಬಾಯಿಬಿಟ್ಟು ಹೇಳಲಿಲ್ಲ. ಅತ್ತೆಯೇ ಬಟ್ಟೆ ಒದ್ದೆಯಾದದ್ದು ನೋಡಿ ತಿಳಿದುಕೊಂಡಳು. ಬಿಸಿನೀರಿನ ಬಟ್ಟೆ ಒತ್ತಿ ಹಿಂಡಿ ತೆಗೆಯುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ವರ್ಷ ಕಳೆಯಿತು. ಟಾಕೀಸಿಗೆ ಮತ್ತೆ ಬಣ್ಣ ಬಂತು. ಈ ಸಲ ಯಜಮಾನರು ಅದನ್ನು ಪಾರ್ಟಿ ಹಾಲ್ ಮಾಡಿದರು. ನೆಲವನ್ನು ಸಮ ಮಾಡಿಸಿದರು, ಬಂದವರ ಕುರ್ಚಿ ಜಾರಬಾರದಲ್ಲ. ಮೇಲಿನಿಂದ ದೀಪ ಇಳಿಬಿಟ್ಟರು. ಪರದೆಯ ಕಟ್ಟೆಗೆ ಕೆಂಪು ಬಟ್ಟೆ ಹೊದಿಸಿ ವೇದಿಕೆ ಅಂದರು. ಅದರ ಪಕ್ಕದಲ್ಲಿ ಗೋಡೆ ಎಬ್ಬಿಸಿ ಪಾತ್ರೆ ತೊಳೆಯಲು ಒಂದು ಕಿರುಕೋಣೆ ಮಾಡಿದರು. ಆ ಕೋಣೆಗೆ ಎರಡು ಬಾಗಿಲು. ಒಂದು ವೇದಿಕೆಗೆ, ಎಂಜಲು ತಟ್ಟೆ ತರುವ ಹುಡುಗರಿಗೆ ಮಾತ್ರ, ತೊಳೆಯುವವರು ಅದನ್ನು ದಾಟುವಂತಿಲ್ಲ. ಇನ್ನೊಂದು ಓಣಿಯ ಕಡೆಗೆ, ಅದೇ ಪಕ್ಕದ ಬಾಗಿಲು.

ತೊಳೆಯಲು ಓಣಿಯ ಹೆಂಗಸರೇ ಬೇಕು. ಜೇಬಮ್ಮ ಹೋದಳು, ಮತ್ತೆ ನಾಲ್ಕೈದು ಜನ. ಕಾಲರಕ್ಕನಿಗೂ ಬೇರೆ ದಾರಿ ಇರಲಿಲ್ಲ. ಸೀಟಿಯೇ ಅಲ್ಲೂ ಮ್ಯಾನೇಜರ್. ಅವಳನ್ನು ಮೇಲಿಂದ ಕೆಳಗೆ ನೋಡಿ, "ಬಾಯಿ ಮನೇಲಿಟ್ಟು ಬಾ" ಅಂದ. ಅವಳು ತಲೆಯಾಡಿಸಿದಳು. ತಲೆಯಾಡಿಸಿದ್ದಕ್ಕೆ ಅವಳಿಗೇ ತನ್ನ ಮೇಲೆ ಹೇಸಿಗೆಯಾಯಿತು. ಆದರೂ ಹೋದಳು. ಸೊಸೆಯನ್ನು ಮನೆಯಲ್ಲಿ ಒಂಟಿ ಬಿಡಲಾರದೆ ಅವಳನ್ನೂ ಕರೆದುಕೊಂಡು ಹೋದಳು. ಎಲ್ಲರೂ ಕುಕ್ಕರುಗಾಲಲ್ಲಿ ಕೂತು, ಕುದಿನೀರಲ್ಲಿ ಕೈ ಅದ್ದಿ, ಊರಿನವರ ಎಂಜಲು ಉಜ್ಜಿದರು. ಉಗುರ ಸಂದಿ ಕೊಳೆತು ಬೆಳ್ಳಗಾಯಿತು.

ಒಂದು ಮಧ್ಯಾಹ್ನ ವ್ಯಾಪಾರಿಗಳ ಸಂಘದ ಸಮಾರಂಭ. ಯಜಮಾನರಿಗೇ ಸನ್ಮಾನ. ಹಾಲ್ ತುಂಬ ಜನ. ಮೊದಲ ಪಂಕ್ತಿಯ ತಟ್ಟೆಗಳು ಒಳಗೆ ಬಂದಿದ್ದವು. ಹೊಗೆಯಂತೆ ಆವಿ ತುಂಬಿ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಆಗ ಹೊರಗೆ ಕಬ್ಬಿಣ ಕಬ್ಬಿಣಕ್ಕೆ ತಾಗಿದ ಸದ್ದಾಯಿತು.

ಜೇಬಮ್ಮನ ಕೈ ನಿಂತಿತು. "ಏನದು?"

ಎದ್ದು ಹೋಗಿ ಪಕ್ಕದ ಬಾಗಿಲನ್ನು ತಳ್ಳಿದಳು. ಒಂದು ಬೆರಳಿನಷ್ಟು ಸರಿದು ನಿಂತಿತು.

"ಸಾರ್! ಯಾಕೆ ಹಾಕಿದ್ರಿ?"

ಹೊರಗಿನಿಂದ ಸೀಟಿಯ ದನಿ ಬಂತು. "ಹೋದ ಸಲ ಚಮಚ ಕಡಿಮೆ ಬಂದಿದೆ. ಊಟ ಮುಗಿಯೋವರೆಗೂ ತೆಗೆಯಲ್ಲ. ತೊಳೀರಿ ಸುಮ್ನೆ."

"ಉಸಿರು ಕಟ್ಟುತ್ತೆ ಸಾರ್ ಇಲ್ಲಿ!"

ಹೆಜ್ಜೆಯ ಸದ್ದು ದೂರ ಹೋಯಿತು.

ಕಾಲರಕ್ಕ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಈಗ ಎದ್ದರೆ ಇದೂ ಹೋಗುತ್ತದೆ. ಮತ್ತೆ ನಲ್ಲಿಯ ಹತ್ತಿರ ಅದೇ ಮಾತು. ಉಜ್ಜಿದಳು. ಉಜ್ಜಿದ್ದನ್ನೇ ಮತ್ತೆ ಉಜ್ಜಿದಳು.

ಪಕ್ಕದಲ್ಲಿ ತಟ್ಟೆಯೊಂದು ನೀರಿಗೆ ಬಿತ್ತು. ರೇಡಿಯೋ ಎದ್ದಿದ್ದಳು.

"ಕೂತ್ಕೋ ಮಗಳೇ" ಅಂದಳು ಕಾಲರಕ್ಕ. "ನಿನಗೆ ನನ್ನಾಣೆ. ಕೂತ್ಕೋ."

ರೇಡಿಯೋ ಅತ್ತೆಯನ್ನು ನೋಡಿದಳು. "ಇಲ್ಲ ಅತ್ತೆ" ಅಂದಳು. "ನನಗೆ ಆಗಲ್ಲ." ವೇದಿಕೆಯ ಕಡೆಯ ಬಾಗಿಲನ್ನು ಭುಜದಿಂದ ನೂಕಿ ಹೊರಟಳು. ಅವಳ ಹಿಂದೆ ಮೊದಲು ಹೋದದ್ದು ಜೇಬಮ್ಮ. ಕಾಲರಕ್ಕ ಎದ್ದದ್ದು ಕೊನೆಗೆ.

ವೇದಿಕೆಯ ಮೇಲೆ ಒಬ್ಬರು ಮೈಕಿನಲ್ಲಿ ಮಾತಾಡುತ್ತಿದ್ದರು. ಎಷ್ಟೋ ಬಡ ಹೆಣ್ಣುಮಕ್ಕಳಿಗೆ ಅನ್ನದ ದಾರಿ ತೋರಿಸಿದ ಕೈ ಅಂತ ಏನೋ ಹೇಳುತ್ತಿದ್ದರು. ಯಜಮಾನರು ದೊಡ್ಡ ಕುರ್ಚಿಯಲ್ಲಿ, ಹೊಸ ಶಾಲು ಹೊದ್ದು. ಒದ್ದೆ ಬಟ್ಟೆಯ ಹೆಂಗಸು ಎದುರು ಬಂದು ನಿಂತದ್ದು ನೋಡಿ ಅವರು ಹುಬ್ಬು ಗಂಟಿಕ್ಕಿದರು. ಗುರುತು ಸಿಗಲಿಲ್ಲ.

"ಯಾರಮ್ಮ ನೀನು? ಒಳಗೆ ಹೋಗು, ಒಳಗೆ."

ರೇಡಿಯೋ ಮೈಕಿನ ಹತ್ತಿರ ಹೋದಳು. ಮಾತಾಡುತ್ತಿದ್ದವರು ಅವಳ ಒದ್ದೆ ಕೈ ತಗುಲೀತು ಅಂತ ಪಕ್ಕಕ್ಕೆ ಸರಿದರು.

"ನಾನು ಇಲ್ಲಿ ಅಂಗಿಗೆ ಗುಂಡಿ ಹಾಕ್ತಿದ್ದೆ" ಅಂದಳು. ವರ್ಷದಿಂದ ಮಾತಾಡದ ಗಂಟಲು, ದನಿ ಒಡೆಯುತ್ತಿತ್ತು. "ಅಲ್ಲಿ, ಆ ಅಮ್ಮ ಕೂತಿದಾರಲ್ಲ, ಅಲ್ಲೇ ಬಿದ್ದಿದ್ದೆ. ರಕ್ತ ಹೋಗ್ತಿತ್ತು. ಬಾಗಿಲಿಗೆ ಸರಪಳಿ ಹಾಕಿದ್ರು. ಇವರ ಆಫೀಸಲ್ಲಿ ದೊಡ್ಡವರು ಕೂತಿದ್ರು, ಅವರ ಮುಂದೆ ನನ್ನನ್ನ ಎತ್ಕೊಂಡು ಹೋಗಬಾರ್ದು ಅಂದ್ರು. ನನ್ನ ಮಗಳು ಹೊಟ್ಟೇಲೇ ಸತ್ತಳು. ಇವತ್ತೂ ಹಾಕಿದಾರೆ. ನೀವು ಉಣ್ತಿದೀರಿ, ಹಿಂದೆ ನಮ್ಮನ್ನ ಕೂಡಿಹಾಕಿದಾರೆ. ಹೋಗಿ ನೋಡಿ."

ಯಾರೋ ಮೈಕು ಆರಿಸಿದರು. ಅವಳು ಅದನ್ನು ಗಮನಿಸಲಿಲ್ಲ. ಬರಿಗಂಟಲಲ್ಲೇ ಮತ್ತೊಮ್ಮೆ ಹೇಳಿದಳು: "ಹೋಗಿ ನೋಡಿ."

ಯಾರೂ ಹೋಗಿ ನೋಡಲಿಲ್ಲ. ಅವಳು ತೋರಿಸಿದ ಜಾಗದಲ್ಲಿ ಕೂತಿದ್ದ ಹೆಂಗಸು ಮಾತ್ರ ಕಾಲುಗಳನ್ನು ಕುರ್ಚಿಯ ಮೇಲಕ್ಕೆ ಎತ್ತಿಕೊಂಡಳು.

ಕಾಲರಕ್ಕ ಸೊಸೆಯ ತೋಳು ಹಿಡಿದಳು. ಹೆಂಗಸರು ವೇದಿಕೆ ಇಳಿದು, ಊಟದ ಮೇಜುಗಳ ನಡುವೆ, ಆಫೀಸಿನ ದಪ್ಪ ಹಾಸಿನ ಮೇಲೆ ನೀರು ಸುರಿಸುತ್ತ ಹೊರಗೆ ಬಂದರು. ಜನ ಬಟ್ಟೆ ಒತ್ತಿಕೊಂಡು ದಾರಿ ಬಿಟ್ಟರು. ಸೀಟಿ ಓಡಿ ಬಂದು, "ನಾಳೆಯಿಂದ ಒಬ್ಬಳೂ ಈ ಕಡೆ ತಲೆ ಹಾಕ್ಬೇಡಿ" ಅಂತ ಕೂಗಿದ. ಜೇಬಮ್ಮ ತಿರುಗಿ ಅವನಿಗೆ ಒಂದು ಬೈಗುಳ ಬೈದಳು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಬೀದಿಯವರೆಲ್ಲ ಕೇಳಿಸಿಕೊಂಡರು.

ಆ ಸಂಜೆ ಓಣಿಯ ಎಷ್ಟೋ ಮನೆಗಳಲ್ಲಿ ಒಲೆ ಹತ್ತಲಿಲ್ಲ. ಜೇಬಮ್ಮನ ಮಕ್ಕಳು ಅಳುವುದು ಕಾಲರಕ್ಕನ ಮನೆಗೆ ಕೇಳುತ್ತಿತ್ತು. ಆದರೂ ಬೆಳಿಗ್ಗೆ ಜೇಬಮ್ಮನೇ ಬಂದು, "ಏಳ್ರೇ, ಹೋಗೋಣ" ಅಂದಳು. ಹೋಗಿ, ಸರಪಳಿ ಹಾಕಲ್ಲ ಅನ್ನಿಸುವವರೆಗೆ ಏಳಬಾರದು ಅಂತ ಪಕ್ಕದ ಬಾಗಿಲ ಮುಂದೆ ನೆಲದ ಮೇಲೆ ಕೂತರು. ಬಿಸಿಲೇರಿತು. ಬೇರೆ ಕೇರಿಯಿಂದ ಹೊಸ ಹೆಂಗಸರು ಕೆಲಸಕ್ಕೆ ಬಂದರು, ಸೀಟಿ ಹೇಳಿ ಕಳಿಸಿದ್ದ. ಮೂವರು. ಇವರ ಹಾಗೇ ಒಣಗಿದ ಮುಖ, ಇವರ ಹಾಗೇ ಸವೆದ ಚಪ್ಪಲಿ.

ಕಾಲರಕ್ಕ ಅವರಿಗೆ ನಡೆದದ್ದನ್ನು ಹೇಳಿದಳು. ಹೋಗಬೇಡಿ ಅನ್ನಲಿಲ್ಲ. ಸರಪಳಿ ಹಾಕಲ್ಲ ಅಂತ ಅವನ ಬಾಯಿಂದ ಹೇಳಿಸಿ ಒಳಗೆ ಹೋಗಿ ಅಂದಳು.

ಇಬ್ಬರು ತಲೆ ತಗ್ಗಿಸಿ ಒಳಗೆ ಹೋದರು. ಏನೂ ಕೇಳಲಿಲ್ಲ. ಅವರ ಹಿಂದೆ ಬಾಗಿಲು ಮುಚ್ಚಿತು, ವಾಚ್‌ಮನ್ ಸರಪಳಿ ಸುತ್ತಿದ. ಮೂರನೆಯವಳು ನಿಂತೇ ಇದ್ದಳು. ಸೊಂಟದ ಮೇಲೆ ಒಂದು ಮಗು. ಸರಪಳಿಯನ್ನೊಮ್ಮೆ ನೋಡಿದಳು, ಇವರನ್ನೊಮ್ಮೆ ನೋಡಿದಳು.

"ಇಲ್ಲಿ ಕೂತ್ರೆ ಏನು ಸಿಗುತ್ತೆ?" ಅಂತ ಕೇಳಿದಳು.

"ಏನೂ ಸಿಗಲ್ಲ" ಅಂದಳು ರೇಡಿಯೋ.

ಅವಳು ಮಗುವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿದಳು. ಆಮೇಲೆ ಕೈಚೀಲ ಕೆಳಗಿಟ್ಟಳು. ಜೇಬಮ್ಮ ಸರಿದು ಜಾಗ ಮಾಡಿದಳು.